ಅಳಿಯಂದ್ರು ಹೇಳೋ 62 ಸರೀನಾ, ಫೋನಲ್ಲಿರೋ 73 ಸರೀನಾ?

ಪ್ರಶ್ನೆ: ಸರ್, ನ್ಯೂಜೆರ್ಸಿಗೆ ಮಗಳ ಮನೆಗೆ ಬಂದು ಮೂರು ತಿಂಗಳಾಯ್ತು, ಸಂಜೆಯಾದ್ರೆ ಅಳಿಯಂದ್ರ ಜೊತೆ ಬೇಸ್‌ಬಾಲ್ ನೋಡೋದೇ ಕೆಲಸ. ಅವ್ರು ನ್ಯೂಯಾರ್ಕ್‌ನ ಯಾಂಕೀಸ್ ಟೀಮಿನ ಅಭಿಮಾನಿ, ಒಂದು ಸೀಸನ್‌ನ ಹೋಮ್ ರನ್ (ನಮ್ಮ ಸಿಕ್ಸರ್ ಥರ) ರೆಕಾರ್ಡ್ ಅದೇ ಟೀಮಿನ ಆರನ್ ಜಡ್ಜ್ ಹೊಡೆದ 62 ಅಂತಾರೆ. ಫೋನಲ್ಲಿ ನೋಡಿದ್ರೆ ಬ್ಯಾರಿ ಬಾಂಡ್ಸ್ 73 ಅಂತಿದೆ. ಯಾವ್ದು ಸರಿ? ಹಾಗೇ ಜಪಾನಲ್ಲಿ ಒಬ್ಬರು 868 ಹೊಡೆದಿದ್ದಾರಂತೆ, ಹೌದಾ?

ಉತ್ತರ: ಎರಡೂ ಸರಿ, ಆದ್ರೆ ಅಳಿಯಂದ್ರು ಅರ್ಧ ಮಾತು ನುಂಗಿದ್ದಾರೆ. ಅಲ್ಲಿನ ದೊಡ್ಡ ಬೇಸ್‌ಬಾಲ್ ಪಂದ್ಯಾವಳಿ ಮೇಜರ್ ಲೀಗ್, ಅದ್ರ ಒಳಗೆ ಅಮೆರಿಕನ್, ನ್ಯಾಷನಲ್ ಅಂತ ಎರಡು ಲೀಗ್ ಇವೆ. ಜಡ್ಜ್ 2022ರಲ್ಲಿ ಹೊಡೆದ 62 ಅಮೆರಿಕನ್ ಲೀಗ್‌ನ ರೆಕಾರ್ಡ್, ಬಾಂಡ್ಸ್ 2001ರಲ್ಲಿ ಹೊಡೆದ 73 ಎರಡೂ ಲೀಗ್ ಸೇರಿಸಿ ನೋಡಿದ್ರೆ ರೆಕಾರ್ಡ್. ಹಾಗಿದ್ರೂ 62ನ್ನೇ 'ನಿಜವಾದ ರೆಕಾರ್ಡ್' ಅನ್ನೋರು ಬೇಕಾದಷ್ಟು ಜನ ಇದ್ದಾರೆ, ಯಾಕಂದ್ರೆ 62ಕ್ಕಿಂತ ಮೇಲಿರೋ ಲೆಕ್ಕ ಎಲ್ಲಾ 1998ರಿಂದ 2001ರ ಒಳಗಿಂದು, ಮೆಗ್ವಯರ್, ಸೋಸಾ, ಬಾಂಡ್ಸ್ ಈ ಮೂರೇ ಜನರದ್ದು, ಸಿಕ್ಕಿಬಿದ್ರೆ ಶಿಕ್ಷೆ ಅನ್ನೋ ಡೋಪ್ ಟೆಸ್ಟ್ ಶುರುವಾಗಿದ್ದೇ 2004ರಲ್ಲಿ. ಮೆಗ್ವಯರ್ 2010ರಲ್ಲಿ ಸ್ಟೆರಾಯ್ಡ್ ತಗೊಂಡಿದ್ದು ಹೌದು ಅಂತ ಒಪ್ಕೊಂಡ್ರು, ಬಾಂಡ್ಸ್ ಗೊತ್ತಿದ್ದು ತಗೊಂಡಿಲ್ಲ ಅಂದ್ರು. ರೆಕಾರ್ಡ್ ಪುಸ್ತಕದಲ್ಲಂತೂ 73 ಹಾಗೇ ಇದೆ.

ಲೆಕ್ಕದ ಪಕ್ಕ ಗುರುತು ಹಾಕ್ಬೇಕು ಅನ್ನೋ ಜಗಳ ಹಳೇದು. ಬೇಬ್ ರೂತ್ 1927ರಲ್ಲಿ 60 ಹೊಡೆದಾಗ ಸೀಸನ್‌ಗೆ 154 ಮ್ಯಾಚು. 1961ರಲ್ಲಿ ಅಮೆರಿಕನ್ ಲೀಗ್‌ಗೆ ಎರಡು ಟೀಮ್ ಸೇರಿ 162 ಆಯ್ತು, ಅದೇ ವರ್ಷ ರೋಜರ್ ಮ್ಯಾರಿಸ್ ರೂತ್ ಬೆನ್ನು ಹತ್ತಿದ್ರು. ಆಗಿನ ಬೇಸ್‌ಬಾಲ್ ಕಮಿಷನರ್ ಫೋರ್ಡ್ ಫ್ರಿಕ್ ಸೀಸನ್ ನಡುವೇನೇ 154 ಮ್ಯಾಚ್ ದಾಟಿದ್ಮೇಲೆ ಹೊಡೆದ್ರೆ ಬೇರೆ ಬರೀತೀವಿ ಅಂದ್ಬಿಟ್ರು (ಈ ಪುಣ್ಯಾತ್ಮ ಒಂದು ಕಾಲದಲ್ಲಿ ರೂತ್ ಹೆಸರಲ್ಲಿ ಪೇಪರ್‌ಗೆ ಬರೆದುಕೊಡ್ತಿದ್ದವರು!). ಒತ್ತಡಕ್ಕೆ ಮ್ಯಾರಿಸ್ ತಲೆಕೂದಲು ಉದುರೋಕೆ ಶುರುವಾಯ್ತು. ಅಕ್ಟೋಬರ್ 1, ಕೊನೇ ಮ್ಯಾಚಲ್ಲಿ 61 ಬಂತು, ಅಷ್ಟು ದೊಡ್ಡ ಯಾಂಕೀ ಸ್ಟೇಡಿಯಂನಲ್ಲಿ ನೋಡೋಕೆ ಇದ್ದಿದ್ದು 23 ಸಾವಿರ ಚಿಲ್ಲರೆ ಜನ ಅಷ್ಟೇ. ಪಕ್ಕದಲ್ಲಿ ನಕ್ಷತ್ರ ಹಾಕಿದ್ರು ಅಂತ ಎಲ್ರೂ ಹೇಳ್ತಾರೆ, ಹಾಕಿರ್ಲಿಲ್ಲ, ರೂತ್‌ದೊಂದು ಸಾಲು ಮ್ಯಾರಿಸ್‌ದೊಂದು ಸಾಲು ಅಂತ ಬೇರೆ ಬೇರೆ ಬರೆದಿದ್ರು. ಆ ಭೇದ ಹೋಗಿದ್ದು 1991ರಲ್ಲಿ, ಮ್ಯಾರಿಸ್ ತೀರ್ಕೊಂಡಿದ್ದು 1985ರಲ್ಲಿ. ನಂಗಂತೂ ಇದು ಈಗ್ಲೂ ಹೊಟ್ಟೆ ಉರಿಸುತ್ತೆ.

ಮ್ಯಾಚ್ ಎಣಿಸೋದಕ್ಕಿಂತ ಅಟ್-ಬ್ಯಾಟ್, ಅಂದ್ರೆ ಬ್ಯಾಟ್ ಹಿಡಿದು ಹೊಡೆಯೋಕೆ ನಿಂತ ಸರದಿ, ಎಣಿಸಿ ನೋಡಿ. ರೂತ್ 540ರಲ್ಲಿ 60, ಮ್ಯಾರಿಸ್ 590ರಲ್ಲಿ 61, ಜಡ್ಜ್ 570ರಲ್ಲಿ 62, ಬಾಂಡ್ಸ್ ಬರೀ 476ರಲ್ಲಿ 73. ಯಾಕಿಷ್ಟು ಕಮ್ಮಿ ಅಂದ್ರೆ ಆ ವರ್ಷ ಬಾಂಡ್ಸ್‌ಗೆ 177 ವಾಕ್ ಸಿಕ್ತು, ವಾಕ್ ಅಟ್-ಬ್ಯಾಟ್ ಲೆಕ್ಕಕ್ಕೆ ಬರಲ್ಲ. ಹೊಡೆಸಿಕೊಳ್ಳೋ ಬದ್ಲು ಆಚೆ ಎಸೆದು ಮೊದಲನೇ ಬೇಸ್‌ಗೆ ಕಳಿಸೋದೇ ವಾಸಿ ಅಂತ ಪಿಚರ್‌ಗಳು ಆಡಿದ್ದು, ಬೌಲರ್ ಬೇಕಂತ್ಲೇ ವೈಡ್ ಹಾಕಿದ ಹಾಗೆ ಅನ್ಕೊಳ್ಳಿ.

868? ಹೌದು, ಇಡೀ ಕೆರಿಯರ್‌ಗೆ, ಹೊಡೆದವರು ಸಡಹಾರು ಓ, ಯೊಮಿಯುರಿ ಜೈಂಟ್ಸ್ ಟೀಮು, 1980ಕ್ಕೆ ರಿಟೈರ್. ಬಾಂಡ್ಸ್ ಇಡೀ ಕೆರಿಯರ್‌ಗೆ 762. ಆದ್ರೆ ಜಪಾನ್ ಲೀಗ್ ಬೇರೆ, ಎರಡನ್ನೂ ಒಂದೇ ಪಟ್ಟಿಗೆ ಹಾಕಲ್ಲ, ಅಲ್ಲಿ ಸೀಸನ್ನೂ ಚಿಕ್ಕದು, ಅಷ್ಟರಲ್ಲೇ ಓ ಅಷ್ಟು ಹೊಡೆದಿದ್ದು ಅಂತ ಅಳಿಯಂದ್ರಿಗೆ ಹೇಳಿ ನೋಡಿ.