ಒಂದೇ ಕಾರು, ಒಂದೇ ಸುತ್ತು, ಎರಡು ಟೈಮಿಂಗ್

ಪ್ರಶ್ನೆ: ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ ಪೋರ್ಷೆ 911 ಜಿಟಿ2 ಆರ್‌ಎಸ್ ಕಾರಿನ ಟೈಮಿಂಗ್ 6 ನಿಮಿಷ 38 ಸೆಕೆಂಡ್ ಅಂತ ನಾನು, 6 ನಿಮಿಷ 43 ಸೆಕೆಂಡ್ ಅಂತ ನನ್ನ ಗೆಳೆಯ. ಸೋತವರು ಗಿರ್ಮಿಟ್ ಕೊಡಿಸಬೇಕು. ಯಾರದು ಸರಿ? ಲ್ಯಾಪ್ ಟೈಮ್ ನೋಡಿ ಯಾವ ಕಾರು ಮೇಲು ಅಂತ ಹೇಳಬಹುದಾ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಇಬ್ಬರದೂ ಸರಿ. ಗಿರ್ಮಿಟ್ ದುಡ್ಡು ಅರ್ಧರ್ಧ ಹಾಕಿಕೊಳ್ಳಿ. 2021ರಲ್ಲಿ ಲಾರ್ಸ್ ಕೆರ್ನ್ ಓಡಿಸಿದ ಒಂದೇ ಸುತ್ತಿಗೆ ಎರಡು ಟೈಮಿಂಗ್ ಇವೆ: 6:38.835 ಮತ್ತು 6:43.300.

ಆ ಟ್ರ್ಯಾಕಿನ ಒಂದು ಸುತ್ತು ಅಂದರೆ ನಮ್ಮ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋದಷ್ಟು ದೂರ. ಹಳೇ ಅಳತೆ 20.6 ಕಿ.ಮೀ. ಅದರಲ್ಲಿ ಗ್ರ್ಯಾಂಡ್‌ಸ್ಟ್ಯಾಂಡ್ ಮುಂದಿನ ನೇರ ರಸ್ತೆಯ ಒಂದು ತುಂಡು ಸೇರುತ್ತಿರಲಿಲ್ಲ. 2019ರಿಂದ ಪೂರ್ತಿ 20.832 ಕಿ.ಮೀ. ಲೆಕ್ಕ. 232 ಮೀಟರ್ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಆ ಕಾರು ಅಷ್ಟನ್ನು ಗಂಟೆಗೆ ಸುಮಾರು 187 ಕಿ.ಮೀ. ವೇಗದಲ್ಲಿ ದಾಟಿದರೂ ನಾಲ್ಕೂವರೆ ಸೆಕೆಂಡ್ ಹೋಯಿತು. ಹಾಗಾಗಿ ಯಾರೇ ಟೈಮಿಂಗ್ ಹೇಳಿದರೂ ಮೊದಲು ಎಷ್ಟು ಕಿ.ಮೀ. ಅಂತ ಕೇಳಿ.

ಆಮೇಲೆ ಕಾರಿಗೆ ಏನೇನು ಹಾಕಿದ್ದಾರೆ ಅಂತ ಕೇಳಿ. ನೀವು ಹೇಳಿದ್ದು ಮಾಂತೈ ರೇಸಿಂಗ್ ತಂಡದ ಕಿಟ್, ಅಂದರೆ ವೇಗ ಹೆಚ್ಚಿಸುವ ಬಿಡಿಭಾಗಗಳ ಸೆಟ್ ಹಾಕಿದ ಕಾರು. ಕಿಟ್ ಇಲ್ಲದ ಅದೇ ಮಾಡೆಲ್ 2017ರಲ್ಲಿ ಹಳೇ ಅಳತೆಗೆ 6:47.3 ತೆಗೆದುಕೊಂಡಿತ್ತು. ಓಡಿಸಿದ್ದು ಅದೇ ಕೆರ್ನ್.

ರಸ್ತೆಯ ಸ್ಥಿತಿಯೂ ಮುಖ್ಯ. ಮರ್ಸಿಡಿಸ್-ಎಎಂಜಿ ಒನ್ ಕಾರನ್ನು ಮಾರೊ ಎಂಗೆಲ್ 2022ರಲ್ಲಿ 6:35.183ಕ್ಕೆ ಓಡಿಸಿದರು. ಆವತ್ತು ಟ್ರ್ಯಾಕ್ ಪೂರ್ತಿ ಒಣಗಿರಲಿಲ್ಲ. 2024ರಲ್ಲಿ ಮತ್ತೆ ಅವರೇ ಓಡಿಸಿದಾಗ 6:29.090 ಬಂತು.

ಟೈರಿನ ಗಾಳಿಯಿಂದಲೂ ಟೈಮಿಂಗ್ ಬದಲಾಗುತ್ತದೆ ಅಂತ ನನಗೆ ಕೈಯಾರೆ ಗೊತ್ತಾಗಿದ್ದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕಿನಲ್ಲಿ. ಗೋಕುಲ ರೋಡಿನ ನನ್ನ ಗ್ಯಾರೇಜಿನಲ್ಲೇ ರೆಡಿ ಮಾಡಿದ ಹಳೇ ಹ್ಯಾಚ್‌ಬ್ಯಾಕ್ ತಗೊಂಡು ಹೋಗಿದ್ದೆ. ಐದು ಸುತ್ತು ಆಗುವಷ್ಟರಲ್ಲಿ ತಿರುವಿನಲ್ಲಿ ಮುಂದಿನ ಗಾಲಿ ಹೊರಗೆ ಜಾರತೊಡಗಿತು. ಪಿಟ್‌ಗೆ ಬಂದು ಗೇಜ್ ಹಚ್ಚಿ ನೋಡಿದರೆ ಬೆಳಿಗ್ಗೆ 30 ಇದ್ದ ಗಾಳಿ 37 ಆಗಿದೆ. ಟೈರಿನ ಅಂಚು ಮುಟ್ಟಿದರೆ ಕೈ ಸುಡುತ್ತಿತ್ತು. ಪೆನ್ಸಿಲ್ ಗೀಟು ಅಳಿಸಿದಾಗ ಉದುರುವ ಪುಡಿಯ ಹಾಗೆ ರಬ್ಬರ್ ಸಣ್ಣ ಸಣ್ಣ ಸುರುಳಿಯಾಗಿ ಎದ್ದಿತ್ತು. ಬಿಸಿ ಇರುವಾಗಲೇ ಗಾಳಿ 32ಕ್ಕೆ ಇಳಿಸಿದೆ. ಮುಂದಿನ ಸುತ್ತಿಗೆ 2 ಸೆಕೆಂಡ್ ಉಳಿಯಿತು. ಕಾರು ಅದೇ, ಓಡಿಸಿದವನೂ ನಾನೇ.

ಯಾವ ಕಾರು ಮೇಲು ಅಂತ ಕೇಳಿದ್ದೀರಿ. ಒಂದೇ ದಿನ, ಒಂದೇ ಟ್ರ್ಯಾಕ್, ಒಬ್ಬನೇ ಡ್ರೈವರ್, ಒಂದೇ ಥರದ ಟೈರ್ ಇದ್ದರೆ ಹೇಳಬಹುದು. ಕಂಪನಿಯ ರೆಕಾರ್ಡ್‌ಗಿಂತ ನಾನು ಜಾಸ್ತಿ ನಂಬುವುದು ಅಂಥ ಹೋಲಿಕೆಯನ್ನೇ. ಅಲ್ಲಿ ಬರುವ ಟೈಮಿಂಗ್ ನಾಲ್ಕೈದು ಸೆಕೆಂಡ್ ಜಾಸ್ತಿ ಇದ್ದರೂ ಪರವಾಗಿಲ್ಲ.