ಹನ್ನೆರಡು ಸಾವಿರದ ಹಾರ್ಮೋನಿಯಮ್ಮೋ, ನಲವತ್ತೈದು ಸಾವಿರದ್ದೋ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಭಜನಾ ಮಂಡಳಿ ಇದೆ. ವಚನ, ತತ್ವಪದ ಹಾಡುತ್ತೇವೆ. ಅಂಗಡಿಯಲ್ಲಿ 12,000 ರೂಪಾಯಿಗೆ ಒಂದು ಹಾರ್ಮೋನಿಯಂ ತೋರಿಸಿದರು. ಕೋಲ್ಕತ್ತದ ಹೆಸರಾಂತ ತಯಾರಕರದು, ಸ್ಕೇಲ್ ಚೇಂಜರ್ ಇರುವುದು, 45,000 ಅಂತೆ. ಅಷ್ಟು ಕೊಡಬೇಕೇ?

ಉತ್ತರ: ಸ್ಕೇಲ್ ಚೇಂಜರ್ ನಿಮಗೆ ಬೇಡ. ಅದರಲ್ಲಿ ಬೆರಳು ಬದಲಿಸದೆಯೇ ಶ್ರುತಿ ಬದಲಿಸಲು ಕೀಗಳ ಸಾಲೇ ಪಕ್ಕಕ್ಕೆ ಸರಿಯುತ್ತದೆ. ತೂಕವೂ ಜಾಸ್ತಿ, ಬಿಡಿಭಾಗವೂ ಜಾಸ್ತಿ. ಊರೂರಿಗೆ ಟೆಂಪೋದಲ್ಲಿ ಒಯ್ಯುವವರಿಗೆ ಅದು ಸುಮ್ಮನೆ ಹೊರೆ. ಶ್ರುತಿ ಕರಿ 1ರಿಂದ (ಸಪ್ತಕದ ಮೊದಲ ಕಪ್ಪು ಕೀ) ಬಿಳಿ 5ಕ್ಕೆ (ಐದನೆಯ ಬಿಳಿ ಕೀ) ಹೋಗಬೇಕೆಂದರೆ ನುಡಿಸುವವರು ಬೆರಳು ಬದಲಿಸಿಕೊಳ್ಳಲಿ, ಆ ಅಭ್ಯಾಸ ಒಳ್ಳೆಯದೇ.

ಹಣ ಕೊಡಬೇಕಾದ್ದು ಎರಡಕ್ಕೆ ಮಾತ್ರ: ಗಾಳಿಗೆ ನಡುಗಿ ಸ್ವರ ಹೊರಡಿಸುವ ಹಿತ್ತಾಳೆ ನಾಲಗೆಯ ರೀಡಿಗೆ, ಚೆನ್ನಾಗಿ ಒಣಗಿಸಿದ ಮರಕ್ಕೆ. ಹಸಿ ಮರದ ಪೆಟ್ಟಿಗೆ ನಮ್ಮ ಏಪ್ರಿಲ್ ಬಿಸಿಲಿಗೆ ಕುಗ್ಗುತ್ತದೆ. ರೀಡು ಕೂತ ಹಲಗೆ ಬಾಗಿ ಸಂದಿಯಲ್ಲಿ ಗಾಳಿ ಸೋರುತ್ತದೆ. ಮಳೆಗಾಲಕ್ಕೆ ಅದೇ ಮರ ಉಬ್ಬಿ, ಕೀಗಳು ಒಂದಕ್ಕೊಂದು ಉಜ್ಜಿ ಸಿಕ್ಕಿಕೊಳ್ಳುತ್ತವೆ. ಪಾಲಿಶ್ ನೋಡಿ ಇದು ಗೊತ್ತಾಗುವುದಿಲ್ಲ.

ಅಂಗಡಿಯಲ್ಲೇ ಪರೀಕ್ಷಿಸಿ. ಎಲ್ಲ ಸ್ಟಾಪರ್ (ರೀಡಿಗೆ ಗಾಳಿ ಬಿಡುವ ಮುಂದಿನ ಗುಬುಟು) ಎಳೆದು, ಕೀ ಮುಟ್ಟದೆ ತಿದಿ ಒತ್ತಿ; ಸಣ್ಣ ಕುಂಯ್ ಎಂದರೂ ಎಲ್ಲೋ ಕೀಯ ಕೆಳಗಿನ ಮುಚ್ಚಳ ಸರಿಯಾಗಿ ಕೂತಿಲ್ಲ. ಆಮೇಲೆ ಒಂದೇ ಸಾಲಿನ ರೀಡು ತೆರೆದು, ಗಾಳಿ ಪೂರ್ತಿ ತುಂಬಿಸಿ, ನಡು ಸಪ್ತಕದ ಒಂದು ಕೀ ಹಿಡಿದು ಸ್ವರ ನಿಲ್ಲುವವರೆಗೆ ಎಣಿಸಿ. ಎರಡೂ ಪೆಟ್ಟಿಗೆಗೆ ಹೀಗೆ ಮಾಡಿದರೆ ಯಾವುದು ಬೇಗ ಉಸಿರು ಬಿಡುತ್ತದೆಂದು ಕಿವಿಗೇ ತಿಳಿಯುತ್ತದೆ. ಮೂರನೆಯದು ಬಹಳ ಮುಖ್ಯ: ತೀರಾ ಮೆಲ್ಲಗೆ ತಿದಿ ಆಡಿಸುತ್ತಾ ಮಂದ್ರದ ಕೀಗಳನ್ನು ಒಂದೊಂದಾಗಿ ಒತ್ತಿ. ಅಗ್ಗದ ರೀಡು ಅರೆಕ್ಷಣ ತಡವಾಗಿ ಎದ್ದೇಳುತ್ತದೆ. ಹಿತ್ತಾಳೆ ನಾಲಗೆ ತನ್ನ ಚೌಕಟ್ಟಿನಿಂದ ಹೆಚ್ಚು ಮೇಲಕ್ಕೆ ನಿಂತಿದ್ದರೆ ಹಾಗಾಗುತ್ತದೆ. ಕೊನೆಗೆ ಎರಡೂ ಸಾಲು ತೆರೆದು ನುಡಿಸಿ. ಸ್ವರ ಅಲೆಅಲೆಯಾಗಿ ನಡುಗಿದರೆ ಶ್ರುತಿ ಕೂಡಿಲ್ಲ. ಮೊಬೈಲಿನ ಟ್ಯೂನರ್ (ಶ್ರುತಿ ಅಳೆಯುವ ಆ್ಯಪ್) 440 ಹರ್ಟ್ಸ್‌ಗಿಟ್ಟು ನಡು ಸಪ್ತಕದ ಬಿಳಿ 6 ನೋಡಿ.

ಶ್ರುತಿ ತಪ್ಪಿದ್ದರೆ ತಿದ್ದಿಸಬಹುದು. ಗಾಳಿ ಸೋರಿದರೆ, ಹಲಗೆ ಬಾಗಿದ್ದರೆ ಬಿಟ್ಟುಬಿಡಿ. 12,000ದ್ದು ಉಳಿದೆಲ್ಲದರಲ್ಲಿ ಗೆದ್ದರೆ ಧೈರ್ಯವಾಗಿ ತೊಗೊಳ್ಳಿ. ಸೋತರೆ ಆ ಕೋಲ್ಕತ್ತದವರ ಬಳಿಯೇ ಸ್ಕೇಲ್ ಚೇಂಜರ್ ಇಲ್ಲದ, 42 ಕೀ, ಎರಡು ಸಾಲು ರೀಡಿನ ಸಾದಾ ಪೆಟ್ಟಿಗೆ ಕೇಳಿ. ಗುಜರಾತಿನ ಪಾಲಿಟಾಣಾ ರೀಡಿಗೆ ಒಳ್ಳೆಯ ಹೆಸರಿದೆ, ಆದರೆ ಹಾಗೆಂದು ಹೇಳಿ ಮಾರುವುದೆಲ್ಲ ಅದೇ ಆಗಿರುವುದಿಲ್ಲ. ಮೇಲಿನ ಪರೀಕ್ಷೆ ಬಿಡಬೇಡಿ.

ಪ್ರಶ್ನೆ: ಚಿತ್ರದುರ್ಗದ ನಮ್ಮ ಮನೆಯ ಹಳೆಯ ಹಾರ್ಮೋನಿಯಂನಲ್ಲಿ ಒಂದು ಕೀ ಒತ್ತದೆಯೇ ಕೂಗುತ್ತದೆ, ಇನ್ನೊಂದು ಮೂಕ. ಹೊಸದು ಕೊಳ್ಳಬೇಕೇ?

ಉತ್ತರ: ಬೇಡವೇ ಬೇಡ. ಇದು ಹೆಚ್ಚಾಗಿ ದೂಳಿನ ಕೆಲಸ. ಕೂಗುವ ಕೀಯ ಕೆಳಗಿನ ಚರ್ಮದ ಮುಚ್ಚಳಕ್ಕೆ ಮರಳ ಕಣ ಸಿಕ್ಕಿರುತ್ತದೆ, ಇಲ್ಲವೇ ಅದರ ಸ್ಪ್ರಿಂಗ್ ತಂತಿ ಸಡಿಲಾಗಿರುತ್ತದೆ. ಒಣ ಬ್ರಷ್ಷಿನಿಂದ ಒರೆಸಿ, ತಂತಿಯನ್ನು ತುಸು ಬಿಗಿ ಮಾಡಿ. ಮೂಕ ರೀಡಿನ ನಾಲಗೆಯ ತುದಿಯನ್ನು ಗುಂಡುಸೂಜಿಯಿಂದ ಕೂದಲೆಳೆಯಷ್ಟು ಎತ್ತಿ ಬಿಡಿ, ಕಸ ಉದುರುತ್ತದೆ. ಎಣ್ಣೆ, ನೀರು ಸೋಕಿಸಬೇಡಿ. ನಾಲಗೆಯನ್ನು ಕೆರೆಯಲೂ ಹೋಗಬೇಡಿ: ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ಒಮ್ಮೆ ಹೋದ ಹಿತ್ತಾಳೆ ಮರಳಿ ಬಾರದು.