ಕಿಲ್ಲೇದಾರ ಎಂಬ ಅಡ್ಡಹೆಸರು ಬೆಂಗಳೂರಿನಲ್ಲಿ ಯಾಕೆ ಇಷ್ಟು ಅಪರೂಪ?

ಯಾಕಂದರೆ ಅದು ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದ ಕಡೆಯ ಹೆಸರು. ಬೆಂಗಳೂರಿನಲ್ಲಿ ಒಬ್ಬ ಕಿಲ್ಲೇದಾರ ಸಿಕ್ಕರೆ, ಅವರ ಹಿರಿಯರು ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯವರಾಗಿರುವ ಸಾಧ್ಯತೆಯೇ ಜಾಸ್ತಿ.

ಕಿಲ್ಲೇದಾರ ಅಂದರೆ ಕೋಟೆಯ ಉಸ್ತುವಾರಿ ಅಧಿಕಾರಿ. ಬೆಂಗಳೂರಲ್ಲೂ ಕೋಟೆ ಇತ್ತು ಅಲ್ವಾ? ಇತ್ತು, ಕಿಲ್ಲೇದಾರರೂ ಇದ್ದರು. 1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ ರಾತ್ರಿ ಕೋಟೆಗೆ ನುಗ್ಗಿದಾಗ, ಟಿಪ್ಪುವಿನ ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಪ್ರಾಣ ಬಿಟ್ಟರು. ಕೆ.ಆರ್. ಮಾರುಕಟ್ಟೆ ಹತ್ತಿರ ಉಳಿದಿರುವ ಕೋಟೆ ಬಾಗಿಲನ್ನು ದಾಟಿ ಹೋಗುವವರು ಅವರನ್ನು ಒಮ್ಮೆ ನೆನೆಯಬೇಕು ಅನ್ನೋದು ನನ್ನ ಆಸೆ.

ವ್ಯತ್ಯಾಸ ಇರೋದು ಇಲ್ಲಿ. ಟಿಪ್ಪುವಿನ ಆಡಳಿತದಲ್ಲಿ ಕಿಲ್ಲೇದಾರನನ್ನು ಸರ್ಕಾರ ನೇಮಿಸುತ್ತಿತ್ತು. ಅದೊಂದು ನೌಕರಿ. ವಿಜಯಪುರದ ಆದಿಲ್‌ಶಾಹಿ ಸುಲ್ತಾನರ, ಮರಾಠರ ಸೀಮೆಯಲ್ಲಿ ಇಂಥ ಎಷ್ಟೋ ಹುದ್ದೆಗಳು ಇನಾಂ ಜಮೀನಿನ ಜೊತೆಗೆ ತಂದೆಯಿಂದ ಮಗನಿಗೆ ಬರುತ್ತಿದ್ದವು. ಹಾಗಾಗಿ ಹುದ್ದೆಯೇ ಮನೆತನದ ಹೆಸರಾಯಿತು. ದೇಸಾಯಿ, ಕುಲಕರ್ಣಿ, ನಾಡಗೌಡ ಬಂದದ್ದೂ ಹೀಗೆಯೇ. ಹಳೇ ಮೈಸೂರಿನ ಕಡೆ ಅಡ್ಡಹೆಸರಿನ ರೂಢಿಯೇ ಕಡಿಮೆ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಸೇರುತ್ತಿದ್ದವು, ಅಷ್ಟೇ.

ಇನ್ನೊಂದು ಮಾತು. ಇದು ಹುದ್ದೆಯ ಹೆಸರು, ಜಾತಿಯದ್ದಲ್ಲ. ಹಿಂದೂಗಳಲ್ಲೂ ಮುಸ್ಲಿಮರಲ್ಲೂ ಕಿಲ್ಲೇದಾರರು ಇದ್ದಾರೆ. ಕೋಟೆಗಳು ಹಲವು, ಕಿಲ್ಲೇದಾರರೂ ಹಲವರು. ಅದಕ್ಕೇ ಇಬ್ಬರು ಕಿಲ್ಲೇದಾರರು ಸಂಬಂಧಿಕರೇ ಆಗಿರಬೇಕು ಅಂತಿಲ್ಲ.